ಖಣದ ಚೂರು ಕಟ್ಟಿದ ಬಾಗಿಲು

ನಮ್ಮ ಮನೆಯಲ್ಲಿ ನನ್ನ ತಂಗಿಯ ವಸ್ತುಗಳಿಗೆಲ್ಲ ಒಂದು ಗುರುತಿದೆ. ಹಳೆಯ ಕುಬಸದ ಖಣದ ಬಟ್ಟೆಯನ್ನು ಬೆರಳಗಲ ಹರಿದು ಅವಳ ಚೀಲಕ್ಕೆ, ನೀರಿನ ಚರಿಗೆಗೆ, ಕೊಡೆಯ ಹಿಡಿಕೆಗೆ ಕಟ್ಟುತ್ತೇವೆ. ಇದನ್ನು ಶುರು ಮಾಡಿದವಳು ಅವ್ವ. ತಂಗಿಯ ಬುದ್ಧಿ ವಯಸ್ಸಿನ ಜೊತೆ ಬೆಳೆಯಲಿಲ್ಲ, ಅಕ್ಷರವೂ ತಲೆಗೆ ಹತ್ತಲಿಲ್ಲ. ಆದರೆ ಖಣದ ಚೂರು ಕಂಡರೆ "ಇದು ನಂದು" ಅನ್ನುವುದು ಸಣ್ಣವಳಿದ್ದಾಗಲೇ ಹತ್ತಿತ್ತು. ಅವ್ವ ತೀರಿಕೊಂಡ ಮೇಲೆ ಖಣ ಹರಿಯುವ ಕೆಲಸ ನನಗೆ ಬಂತು. ಈಗ ಅವಳಿಗೆ ಇಪ್ಪತ್ತೆಂಟು, ನನಗೆ ನಲವತ್ತೊಂದು. ನಾನು ಕುಂದಗೋಳದ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಇಂಥ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ತರಬೇತಿಯಲ್ಲಿ ಎದ್ದು ನಿಂತು ಹತ್ತು ಮಂದಿಗೆ ಹೇಳಿದವಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಆ ಹಲ್ಲಿ ನಾನೇ.

ಹೋದ ವರ್ಷ ಒಂದು ಕಾಲೇಜಿನ ಹುಡುಗ ಹುಡುಗಿಯರು ನಮ್ಮೂರಲ್ಲಿ ಏಳು ದಿನದ ಸೇವಾ ಶಿಬಿರ ಮಾಡಿದರು. ಕಾಲೇಜಿನ ಹೆಸರು ಬರೆಯುವುದಿಲ್ಲ, ಅವರು ಇನ್ನೂ ನನ್ನನ್ನು ಗೇಟಿನ ಒಳಗೆ ಬಿಡಬೇಕಾಗಿದೆ. ಗಟಾರ ಬಳಿದರು, ಶಾಲೆಗೆ ಸುಣ್ಣ ಹಚ್ಚಿದರು. ನನ್ನ ತಂಗಿ ಏಳೂ ದಿನ ಅವರಿಗೆ ರೊಟ್ಟಿ ನೀಡಿದಳು. ಕೊನೆಯ ದಿನ ಅವರ ಕನ್ನಡ ಮೇಡಂ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ, "ಇವರನ್ನ ಕಾಲೇಜಿಗೆ ಯಾಕ ಕಳಸಬಾರದ್ರಿ?" ಅಂದರು.

ನನಗೆ ನಗು ಬಂತು. "ಏಳನೇತ್ತೆ ದಾಟಿಲ್ರಿ ಆಕಿ."

"ಪರೀಕ್ಷಾ ಬರಿಯೋದಿಲ್ರಿ. ವಾರಕ್ಕ ಮೂರು ದಿನ ಬಂದು ಎಲ್ಲಾರ ಜೋಡಿ ಕುಂದರ್ಲಿ. ಇಂಥವರನ್ನೂ ಕೂಡಿಸ್ಕೊಂಡು ಕಲಿಸಿ ನೋಡೂಣು ಅಂತ ನಮ್ಮಲ್ಲಿ ಮಾತಾಗೇತಿ. ವರ್ಷಾ ಮುಗಿದ ಮ್ಯಾಲೆ ಒಂದು ಸರ್ಟಿಫಿಕೇಟ ಕೊಡ್ತೀವಿ."

ಪರೀಕ್ಷೆ ಇಲ್ಲ, ಪಾಸಿಲ್ಲ, ಫೇಲೂ ಇಲ್ಲ. ಹಾಗಾದರೆ ಅದೆಂಥ ಕಾಲೇಜು? ಅಲ್ಲಿ ಹೋಗಿ ಅವಳು ಕಲಿಯುವುದೇನು, ಕಲಿತಳೆಂದು ಗೊತ್ತಾಗುವುದು ಹೇಗೆ? ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಮೇಡಂ ಕೊಟ್ಟ ಅರ್ಜಿ ತುಂಬಿದೆ. ಅದರಲ್ಲಿ 'ಆಸಕ್ತಿಯ ವಿಷಯ' ಎಂದಿತ್ತು. ನಾನು 'ಕನ್ನಡ' ಎಂದು ಬರೆದೆ. ಮನೆಯ ಮಾತು, ಮೇಡಂ ಒಳ್ಳೆಯವರು, ಕತೆ ಹೇಳುತ್ತಾರೆ. ತಂಗಿ ನನ್ನ ಬಾಜೂಕ್ಕೇ ಕೂತು ಬಿಸ್ಕೀಟು ತಿನ್ನುತ್ತಿದ್ದಳು.

ಮೊದಲ ವಾರ ರಜೆ ಹಾಕಿ ನಾನೇ ಜೊತೆಗೆ ಹೋದೆ. ಆಮೇಲೆ ಊರಿನ ಹುಡುಗಿಯರ ಜೊತೆ ಬಸ್ಸಿಗೆ ಹತ್ತಿಸತೊಡಗಿದೆ. ಹೆಂಗಸರಿಗೆ ಪುಕ್ಕಟೆ ಕೊಡುವ ಟಿಕೀಟನ್ನು ಅವಳು ಮಡಚಿ ಚೀಲದಲ್ಲಿಟ್ಟು ಸಂಜೆ ನನಗೆ ತೋರಿಸುತ್ತಿದ್ದಳು. ಏನು ಕಲಿತೆ ಎಂದು ಕೇಳಿದರೆ ಟಿಕೀಟೇ ತೋರಿಸುತ್ತಿದ್ದಳು.

ಎರಡನೇ ತಿಂಗಳು ಮೇಡಂ ಫೋನು ಮಾಡಿದರು. "ತಂಗಿ ದಾರಿ ತಪ್ಪಿಸ್ಕೊಳ್ಳಾಕತ್ತಾರ್ರಿ. ನಮ್ಮ ಕ್ಲಾಸ್ ಕೆಳಗ ಐತಿ, ಅವರು ಮ್ಯಾಲಿನ ಕಡೀ ರೂಮಿನ್ಯಾಗ ಸಿಗ್ತಾರ. ದಿನಾ ಹುಡುಗರನ್ನ ಕಳಿಸಿ ಕರಸ್ತೀನಿ."

ನನಗೆ ಉಪಾಯ ಗೊತ್ತಿತ್ತು. ಮಾರನೇ ದಿನ ಹೋಗಿ ಕನ್ನಡ ತರಗತಿಯ ಬಾಗಿಲ ಚಿಲಕಕ್ಕೆ ಖಣದ ಚೂರು ಕಟ್ಟಿ, ಅವಳ ಕೈ ಹಿಡಿದು ಮುಟ್ಟಿಸಿ ತೋರಿಸಿದೆ. "ಇದು ಯಾರದು?" ಅವಳು ಖಣ ನೋಡಿದಳು, ನನ್ನನ್ನು ನೋಡಿದಳು. "ನಂದು." ಮುಗಿಯಿತು ಅಂದುಕೊಂಡು ಬಸ್ಸು ಹತ್ತಿದೆ.

ಎರಡು ದಿನಕ್ಕೆ ಚೂರು ಮಾಯ, ತಂಗಿ ಮತ್ತೆ ಮೇಲಿನ ರೂಮಿನಲ್ಲಿ. ನನಗೆ ಪಿತ್ತ ನೆತ್ತಿಗೇರಿತು. ಹೋದವಳೇ ಪಡಸಾಲೆಯಲ್ಲಿ ನಿಂತಿದ್ದ ಹುಡುಗರನ್ನು ಹಿಡಿದುಕೊಂಡೆ. "ಯಾಂವಲೇ ಅದನ್ನ ಬಿಚ್ಚಿದಾಂವ? ನಿಮಗ ಅಕ್ಕ ತಂಗೇರಿಲ್ಲೇನು?"

"ನಾವಲ್ರಿ ಅಕ್ಕಾರ, ಆಣಿ ಮಾಡ್ತೀವಿ," ಅಂದರು. ನಾನು ನಂಬಲಿಲ್ಲ. ಇನ್ನೊಂದು ಚೂರು ಕಟ್ಟಿದೆ. ಅದೂ ಹೋಯಿತು. ಮೂರನೆಯದನ್ನು ಕಗ್ಗಂಟು ಹಾಕಿ ಕಟ್ಟಿದೆ. ಅದೂ ಉಳಿಯಲಿಲ್ಲ.

ಆಮೇಲೆ ಪ್ರಿನ್ಸಿಪಾಲರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಕುರ್ಚಿ ಕೊಟ್ಟೇ ಮಾತಾಡಿದರು. "ನೋಡ್ರಿ ಬಾಯಾರ, ಮೆಟ್ಟಲಾ ಅದಾವು. ನಿಮ್ಮ ತಂಗಿ ಒಬ್ಬರ ಅಡ್ಡಾಡ್ತಾರ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಿಮಗೇನು ಹೇಳ್ಲಿ? ಅವರ ಕ್ಲಾಸ್ ಅವರಿಗೆ ಗೊತ್ತಾಗಲಿಲ್ಲಂದ್ರ ಮುಂದಿನ ವಾರದಿಂದ ಕಳಸೂದು ಬ್ಯಾಡ್ರಿ."

ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ಅರ್ಧ ಮನಸ್ಸಿಗೆ ಹಗುರವಾಯಿತು. ಇನ್ನು ಬಸ್ಸಿನ ಚಿಂತೆಯಿಲ್ಲ, ಫೋನಿನ ಚಿಂತೆಯಿಲ್ಲ. ಇನ್ನರ್ಧ ಮನಸ್ಸಿಗೆ ನಾಚಿಕೆಯಾಯಿತು. ಬೆಳಿಗ್ಗೆ ನಾನು ಏಳುವ ಮೊದಲೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂರುವವಳಿಗೆ ಇದನ್ನು ಹೇಗೆ ಹೇಳುವುದು? ಯಾವ ಅರ್ಧ ನನ್ನದು ಎಂದು ಇವತ್ತಿಗೂ ಗೊತ್ತಿಲ್ಲ. ಅವಳನ್ನು ಕರೆದುಕೊಂಡು ಹೋಗೋಣವೆಂದು ಮೆಟ್ಟಿಲು ಹತ್ತಿದೆ. ಪ್ರಿನ್ಸಿಪಾಲರೂ ಹಿಂದೆ ಬಂದರು.

ಮೇಲಿನ ಕೊನೆಯ ರೂಮು ಭೂಗೋಳದ್ದು. ಅಷ್ಟು ದಿನ ಕಾಲೇಜಿಗೆ ಎಡತಾಕಿದರೂ ಆ ಬಾಗಿಲನ್ನು ನಾನು ನೋಡಿರಲಿಲ್ಲ. ಅದರ ಚಿಲಕಕ್ಕೆ ಮೂರು ಖಣದ ಚೂರುಗಳು ಸಾಲಾಗಿ ಕಟ್ಟಿದ್ದವು. ನಾನು ಹಾಕಿದ ಗಂಟು ಅಲ್ಲ. ಮೆಣಸಿನಕಾಯಿ ಚೀಲದ ಬಾಯಿಗೆ ಹಾಕುವ ಗಂಟು. ಅವ್ವ ಅವಳಿಗೆ ಕಲಿಸಿದ್ದ ಗಂಟು ಅದೊಂದೇ.

ಒಳಗೆ ತಂಗಿ ದೊಡ್ಡ ನಕಾಶೆಯೊಂದನ್ನು ಗೋಡೆಯ ಮೊಳೆಗೆ ಸಿಗಿಸುತ್ತಿದ್ದಳು. ನಲವತ್ತು ಹುಡುಗರು ಸುಮ್ಮನೆ ಕಾಯುತ್ತಿದ್ದರು. ನನ್ನ ಸಿಟ್ಟು ಆಗ ಬೇರೆ ದಾರಿ ಹಿಡಿಯಿತು. ಭೂಗೋಳದ ಸರ್ ಹೊರಗೆ ಬರುತ್ತಲೇ ಕೇಳಿದೆ. "ಆಕಿನ್ನ ಆಫೀಸಿನ ಸಿಪಾಯಿ ಮಾಡ್ಕೊಂಡೀರೇನ್ರಿ? ನಕಾಶಿ ತೂಗಹಾಕಾಕ ಕಾಲೇಜಿಗೆ ಕಳಿಸೇವೇನು?"

ಅವರು ಸಿಟ್ಟಾಗಲಿಲ್ಲ. "ನಾ ಹೇಳಿಲ್ರಿ ಅಕ್ಕಾರ. ಒಂದಿನ ತಾವ ಎದ್ದು ಬಂದು ತೂಗಹಾಕಿದ್ರು. ಈಗ ಬ್ಯಾರೆಯವರು ಮುಟ್ಟಿದ್ರ ಬಿಡೂದಿಲ್ಲ. ದಿನಾ ಕುಂದಗೋಳ ತೋರಿಸ್ರಿ ಅಂತೀನಿ. ನಿನ್ನೆ ಅರಬ್ಬಿ ಸಮುದ್ರದಾಗ ಬೊಟ್ಟಿಟ್ರು. ಮೊನ್ನೆ ಅಗದಿ ಬರೋಬ್ಬರಿ ಇಟ್ಟಿದ್ರು."

"ಇದಕ್ಕ ಕಲಿಯೋದು ಅಂತಾರೇನ್ರಿ?"

"ನನಗೂ ಗೊತ್ತಿಲ್ರಿ," ಅಂದರು. "ಉಳದ ನಲವತ್ತು ಮಂದೀದೂ ಗೊತ್ತಿಲ್ಲ."

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಹಂಗಾದ್ರ ಇವರ ಕ್ಲಾಸ್ ಯಾವುದ್ರಿ?" ಅವಳನ್ನು ಯಾರೇ ಏನೇ ಕೇಳಲಿ, ಉತ್ತರ ಹೇಳುವವಳು ನಾನು. ದವಾಖಾನೆಯಲ್ಲಿ ಅವಳ ಹೊಟ್ಟೆನೋವನ್ನೂ ನಾನೇ ಹೇಳಿದ್ದೇನೆ. ಆಗಲೂ ಬಾಯಿ ತೆರೆದೆ. ನನ್ನ ಕೈಯಲ್ಲಿ ನಾಲ್ಕನೆಯ ಚೂರಿತ್ತು. ಅವಳು ಬಂದು ಅದನ್ನು ತೆಗೆದುಕೊಂಡು, ಚಿಲಕದ ಮೇಲಿನ ಮೂರರ ಪಕ್ಕ ನಿಧಾನವಾಗಿ ಕಟ್ಟಿ, ಎಳೆದು ಬಿಗಿ ಮಾಡಿದಳು. ಪ್ರಿನ್ಸಿಪಾಲರ ಮುಖ ನೋಡಿ, "ಇದು ನಂದು," ಅಂದಳು.

ಅವಳು ಒಂದು ದಿನವೂ ದಾರಿ ತಪ್ಪಿರಲಿಲ್ಲ. ತಿಂಗಳುಗಟ್ಟಲೆ ನಾವೆಲ್ಲ ಸೇರಿ ಅವಳನ್ನು ಅವಳ ಕ್ಲಾಸಿನಿಂದ ಎಬ್ಬಿಸಿ ತಂದಿದ್ದೆವು. ನನಗೆ ಅಲ್ಲೇ ಅಳು ಬಂತು, ಆ ಹುಡುಗರ ಮುಂದೆಯೇ ಅತ್ತೆ.

ಪ್ರಿನ್ಸಿಪಾಲರು ಹೊಸ ಅರ್ಜಿ ತುಂಬಿರಿ ಎಂದು ಹೇಳಿ ಇಳಿದು ಹೋದರು. ಕೆಳಗೆ ಗುಮಾಸ್ತರ ಮೇಜಿನ ಮುಂದೆ ಕೂತೆ. 'ಆಸಕ್ತಿಯ ವಿಷಯ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. "ಇಲ್ಲೆ ಏನ್ ಬರೀಲೆ?" ಎಂದು ತಂಗಿಯನ್ನು ಕೇಳಿದೆ. ಅವಳು ನನ್ನನ್ನೇ ನೋಡಿದಳು. ಪ್ರಶ್ನೆ ತಿಳಿಯಲಿಲ್ಲವೋ, ನಾನು ಅವಳನ್ನು ಕೇಳಿದ್ದೇ ತಿಳಿಯಲಿಲ್ಲವೋ, ಯಾರಿಗೆ ಗೊತ್ತು. ನಾನು ಕಾದೆ.

"ನಕಾಶಿ," ಅಂದಳು.

ಹಾಗೇ ಬರೆದೆ. ಗುಮಾಸ್ತರು ಬಗ್ಗಿ ನೋಡಿ, "ಇದು ವಿಷಯ ಅಲ್ರಿ ಬಾಯಾರ, ಹೊಡದು ಹಾಕಿ ಭೂಗೋಳ ಅಂತ ಬರೀರಿ," ಅಂದರು.

"ಇರ್ಲಿ ಬಿಡ್ರಿ," ಅಂದೆ. "ಆಕಿ ಹೇಳಿದ್ದು ಅದ."