ದ್ರೌಪದಮ್ಮ ಕಳಿಸಿದ ಜೋಡಿ

ನಮ್ಮತ್ತೆ ದ್ರೌಪದಮ್ಮ ಮಾತಿನಮಲ್ಲಿ. ಆ ಬಾಯಿ ನೋಡಿಯೇ ಅವರಿಗೆ ಕೆಲಸ ಕೊಟ್ಟಿದ್ದು ಎನ್ನಿ. ಐವತ್ತೆಂಟನೇ ಇಸವಿಯ ಸುಮಾರಿಗೆ ಮಂಡಿ ವರ್ತಕರು ಯಶವಂತಪುರ ಸ್ಟೇಷನ್ನಿನ ಹಿಂದೆ ಒಂದು ಹೆಂಚಿನ ಕೊಠಡಿ ಕಟ್ಟಿಸಿದ್ದರು. ರೈಲಿಳಿದು ದಿಕ್ಕು ತೋಚದೆ ನಿಂತವರನ್ನು ವಿಚಾರಿಸಿ, ತಕ್ಕ ಜಾಗಕ್ಕೆ ಕಳಿಸುವುದು ಅತ್ತೆಯ ಕೆಲಸ. ಅಡುಗೆ ನನ್ನದು. ಒಂಟಿ ಹೆಂಗಸರು ಆಶ್ರಮಕ್ಕೆ, ಕಾಯಿಲೆಯವರು ಆಸ್ಪತ್ರೆಗೆ, ಗಂಡ ಹೆಂಡತಿ ಬಂದರೆ ಚಿಕ್ಕಬಾಣಾವರದ ಇಟ್ಟಿಗೆ ಗೂಡಿಗೆ. ಅಲ್ಲಿನ ಯಜಮಾನ ಕೂಲಿಯ ಜೊತೆ ಗುಡಿಸಲನ್ನೂ ಕೊಡುತ್ತಿದ್ದ, ಆದರೆ ಜೋಡಿಗೆ ಮಾತ್ರ. ಒಂಟಿ ಗಂಡಸರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಒಂದು ಸಂಜೆ ಗೌರಿಬಿದನೂರು ಕಡೆಯ ರೈಲಿನಲ್ಲಿ ಬಂದ ಹೆಂಗಸೊಬ್ಬಳು ಗಂಟು ಅವಚಿಕೊಂಡು ಬಾಗಿಲಲ್ಲಿ ನಿಂತಳು. ಹೆಸರು ಮುನಿಕೃಷ್ಣಮ್ಮ ಅಂದಳು.

"ಯಜಮಾನ್ರ ಹೆಸರೇನಮ್ಮಾ?"

ಅವಳು ತಲೆ ತಗ್ಗಿಸಿದಳು. ಗಂಡನ ಹೆಸರನ್ನು ನಮ್ಮಲ್ಲಿ ಯಾವ ಹೆಂಗಸು ಬಾಯಿಬಿಟ್ಟು ಹೇಳುತ್ತಾಳೆ? ಅಂಥಾಗ ಪಕ್ಕದಲ್ಲಿರುವ ಗಂಡಸನ್ನು ಕೇಳುವುದು ಅತ್ತೆಯ ವಾಡಿಕೆ. ಅದೇ ರೈಲಿಳಿದು ಅವಳ ಪಕ್ಕದಲ್ಲಿ ನಿಂತಿದ್ದವನೊಬ್ಬ "ನರಸಯ್ಯ ಕಣಮ್ಮಾ" ಅಂದ. ಗುಡಿಸಲಿನಾಸೆ, ಹಾಳಾದವನಿಗೆ!

"ಅವರಲ್ಲ..." ಅಂದಳು ಮುನಿಕೃಷ್ಣಮ್ಮ.

ಅತ್ತೆ ನಕ್ಕರು. "ಇವನಲ್ದೆ ಇನ್ಯಾರೇ? ದಾರೀಲಿ ಜಗಳ ಆಡ್ಕೊಂಡ್ ಬಂದ್ರಾ? ಗುಡಿಸಲಲ್ಲಿ ರಾಜಿ ಮಾಡ್ಕೊಳ್ಳಿ, ನಡೀರಿ!"

ಊಟಕ್ಕೆ ಕೂತವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ, ನನ್ನ ಮುಖಕ್ಕಿಷ್ಟು. ಅವಳು ನಾಚಿ ಮುಖದ ಮೇಲೆ ಸೆರಗೆಳೆದುಕೊಂಡಳು. ಗೂಡಿನ ಎತ್ತಿನಗಾಡಿ ಹೊರಗೆ ಕಾಯುತ್ತಿತ್ತು, ಇಬ್ಬರನ್ನೂ ಹತ್ತಿಸಿದೆವು.

ಮಾರನೆಯ ಬೆಳಿಗ್ಗೆ ಚಿಕ್ಕಮಾರಯ್ಯ ಎಂಬುವನು ಚೊಂಬು ಹಿಡಿದು ಬಂದ. ಯಲಹಂಕದಲ್ಲಿ ನೀರಿಗೆಂದು ಇಳಿದಾಗ ರೈಲು ಬಿಟ್ಟುಬಿಟ್ಟಿತಂತೆ. ಕಂಬಿ ಹಿಡಿದು ನಡೆದು ಬಂದಿದ್ದ.

"ನನ್ ಎಂಡ್ರು ಇಲ್ಲಿಗೇನಾರ ಬಂದ್ಲಾ ಅವ್ವಾ? ಮುನಿಕೃಷ್ಣಮ್ಮ ಅಂತ."

ಅತ್ತೆ, ಗೂಡಿನ ಕೆಲಸಕ್ಕೆ ಕಳಿಸಿದ್ದೇನೆ ಎಂದಷ್ಟೇ ಅವನಿಗೆ ಹೇಳಿ, ನನ್ನನ್ನು ಒಳಗೆಳೆದುಕೊಂಡರು. "ಅವಳ ಸಂಸಾರಕ್ಕೆ ಕೊಳ್ಳಿ ಇಟ್ನಲ್ಲೇ! ರಾತ್ರಿ ಪರಗಂಡಸಿನ ಜೊತೆ ಕಳಿಸ್ಬಿಟ್ಟೆ. ಇನ್ನಿವನು ಸೇರಿಸ್ತಾನಾ?"

ಜಟಕಾ ಮಾಡಿಕೊಂಡು ಮೂವರೂ ಹೊರಟೆವು. ಮುನಿಕೃಷ್ಣಮ್ಮ ಗೂಡಿನ ಮುಂದಿನ ಬಯಲಲ್ಲಿ ಕೂತಿದ್ದಳು. ಗಂಡನನ್ನು ಕಂಡು ಓಡಿ ಬಂದಳು. ಅಷ್ಟರಲ್ಲಿ ಇಟ್ಟಿಗೆ ಹೊರುತ್ತಿದ್ದವಳೊಬ್ಬಳು, "ನರಸಯ್ಯನ ಎಂಡ್ತೀನ ನೋಡಕ್ ಬಂದ್ರಾ?" ಅಂದುಬಿಟ್ಟಳು.

ಚಿಕ್ಕಮಾರಯ್ಯ ಅತ್ತೆಯ ಕಡೆ ತಿರುಗಿದ. "ರಾತ್ರಿ ಎಲ್ಲಿದ್ಲು ಇವಳು?"

"ನಮ್ಮನೇಲೇ ಕಣಪ್ಪಾ, ನನ್ ಪಕ್ಕದಲ್ಲೇ ಮಲಗಿದ್ಲು. ಬೆಳಿಗ್ಗೆ ಕಳಿಸಿದ್ದು, ದೇವರಾಣೆಗೂ."

"ಯಾಕವ್ವಾ ಸುಳ್ಳು?" ಅಂದಳು ಮುನಿಕೃಷ್ಣಮ್ಮ. "ಆ ಗುಡಿಸಲೊಳಕ್ಕೆ ನಾನು ಕಾಲಿಕ್ಕಿಲ್ಲ. ಬೆಳಕು ಅರಿಯೋ ಗಂಟ ಇಲ್ಲೇ ಕುಂತಿದ್ದೆ. ನಾನೇನ್ ತಪ್ಪು ಮಾಡಿದೀನಿ ಅಂತ ಮುಚ್ಚಿಡ್ತೀರ?"

ಚಿಕ್ಕಮಾರಯ್ಯ ಹೆಂಡತಿಯ ಮುಖ ನೋಡಿದ. "ನೀನೇಳೋದು ದಿಟ ಆಗಿದ್ರೆ ಈವಮ್ಮ ಆಣೆ ಇಕ್ಕಿ ಸುಳ್ಳ್ಯಾಕೇಳ್ತಿದ್ರು?"

ಉತ್ತರಕ್ಕೂ ಕಾಯದೆ ರಸ್ತೆ ಕಡೆ ನಡೆದುಬಿಟ್ಟ. ಆ ಚೊಂಬನ್ನೇ ಕಿತ್ತು ಅವನ ತಲೆಗೆ ಬಡಿಯಬೇಕೆನಿಸಿತು ನನಗೆ. ಅವಳು ಗಂಟು ಹೊತ್ತು, ದೂರದಿಂದಲೇ ಅವನ ಹಿಂದೆ ಹೋದಳು. ಅತ್ತೆ ಕೈಮುಗಿದುಕೊಂಡು ಸ್ವಲ್ಪ ದೂರ ಓಡಿದರು. ಇಬ್ಬರಲ್ಲಿ ಯಾರೂ ತಿರುಗಲಿಲ್ಲ.

ಆಮೇಲೂ ಅತ್ತೆ ಆ ಕೊಠಡಿಯಲ್ಲಿ ಬಹಳ ವರ್ಷ ದುಡಿದರು. ಬಂದ ಹೆಂಗಸರನ್ನು ಅಡುಗೆಮನೆಗೆ ಕರೆದು, ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಅವರು ಸಪ್ಪಗೆ ಕೂತಾಗಲೆಲ್ಲ ನಾನು, "ಹೋಗ್ಲಿ ಬಿಡಿ ಅತ್ತೆ, ಕೊನೆಗೆ ಜೊತೆಗೇ ಹೋದ್ರಲ್ಲ" ಅನ್ನುತ್ತಿದ್ದೆ.

"ಮೊದಲ್ನೇ ದಿನ ಅವಳ ಮಾತು ನಾನು ಕೇಳ್ಲಿಲ್ಲ" ಅನ್ನುತ್ತಿದ್ದರು ಅತ್ತೆ. "ಮಾರನೇ ದಿನ, ಕಟ್ಕೊಂಡ ಗಂಡನೂ ಅದನ್ನ ನಂಬದಂಗೆ ಮಾಡ್ದೆ ಕಣೇ."