ವೇದಿಕೆ ಮೇಲಿನವರು ಮತ್ತು ಯರ್ರೆಪ್ಪನ ಸಿನಿಮಾ

ಅಸ್ಫಿಯಾಳಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ. ನನಗೆ ಬಂದರೆ ಬಾಯಿ ಮುಚ್ಚುವುದಿಲ್ಲ. ಅದಕ್ಕೇ ಇದನ್ನು ನಾನು ಬರೆಯುತ್ತಿದ್ದೇನೆ.

ಹರಪನಹಳ್ಳಿಯಲ್ಲಿ ನಮ್ಮದೂ ಅವಳದೂ ಒಂದೇ ಓಣಿ. ಅವಳ ಅಪ್ಪ ಅಬ್ದುಲ್ ವಹಾಬ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು. ಅವಳು ಮದುವೆ ವಿಡಿಯೋ ತೆಗೆಯುತ್ತಾಳೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದರೆ ಹೆಂಗಸರಿಗೆ ಸಂಕೋಚವಿಲ್ಲ ಎಂದು ಕೊಟ್ಟೂರು, ಕೂಡ್ಲಿಗಿ, ಹಡಗಲಿಯಿಂದೆಲ್ಲ ಕರೆ ಬರುತ್ತದೆ. ಕೆಲಸ ಮಾತ್ರ ಕತ್ತಿಯ ಮೇಲಿನ ನಡಿಗೆ. ಚಿಕ್ಕಪ್ಪನ ಬೀಗರ ಮುಖ ಬಿಟ್ಟುಹೋದರೆ ಸಾಕು, ಎರಡು ಮನೆ ಮಾತು ಬಿಡುತ್ತವೆ. ಬೈಗುಳ ವಿಡಿಯೋದವಳಿಗೆ. ಹತ್ತು ವರ್ಷ ಹೀಗೆ ಬೈಸಿಕೊಂಡು ಅವಳಿಗೆ ಒಂದು ಅಭ್ಯಾಸ ಬಿದ್ದಿದೆ. ಯಾರನ್ನೂ ಬಿಡಬಾರದು, ಎಲ್ಲರೂ ಬರಬೇಕು.

ದಾವಣಗೆರೆಯಲ್ಲಿ ಓದುವಾಗ ಕಾಲೇಜಿನಲ್ಲಿ ಒಂದು ಸಿನಿಮಾ ತೋರಿಸಿದ್ದರಂತೆ. ಕಥೆ ಇಲ್ಲ, ಮನುಷ್ಯರಿಲ್ಲ, ತಗಡಿನ ಮೇಲೆ ಬಿಸಿಲು ಸರಿಯುವುದಷ್ಟೇ. ಪಕ್ಕದ ಹುಡುಗಿಯರು ಬೈದುಕೊಂಡು ಎದ್ದುಹೋದರು. ಇವಳು ಇನ್ನೊಮ್ಮೆ ಹಾಕಿಸಿ ನೋಡಿದಳು. ಆ ಹುಚ್ಚು ಅವಳನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೆ ಸುತ್ತಲಿನ ತಾಲೂಕುಗಳಲ್ಲಿ ಫೋನಿನಲ್ಲಿ ಏನಾದರೂ ವಿಚಿತ್ರವಾಗಿ ಚಿತ್ರೀಕರಿಸುವವರನ್ನು ಹುಡುಕಿ ಹುಡುಕಿ, ಪ್ರತಿ ಮೇ ತಿಂಗಳಲ್ಲಿ ಒಂದು ಸಂಜೆ ಮನೆಯ ಮಾಳಿಗೆಯ ಮೇಲೆ ತೋರಿಸತೊಡಗಿದಳು. ಊರವರು ಅದಕ್ಕೆ ‘ಕಥಿ ಇಲ್ಲದ ಸಿನಿಮಾ’ ಎಂದು ಹೆಸರಿಟ್ಟರು. ಅವಳ ತಾಯಿ ಖಾಸಿಂ ಬೀ ಎಲ್ಲರಿಗೂ ಶರಬತ್ತು ಕೊಟ್ಟು, ಚಿತ್ರ ಮುಗಿದ ಮೇಲೆ, “ಇದು ಯಾವಾಗ ಶುರು ಆಗ್ತತಿ ಬೇಟಾ?” ಎಂದು ಕೇಳುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಈ ವರ್ಷ ಮಾಳಿಗೆ ಸಾಲದಾಯಿತು. ಮುಹೂರ್ತಗಳ ನಡುವೆ ಒಂದು ಸಂಜೆ ಗುರುಸಂಗಪ್ಪನವರ ಕಲ್ಯಾಣ ಮಂಟಪ ಸಿಕ್ಕಿತು. ಬಾಡಿಗೆ ಬೇಡ ಎಂದರು ಗುರುಸಂಗಪ್ಪ, ಉದ್ಘಾಟನೆ ಮಾತ್ರ ತಮ್ಮ ಕೈಯಿಂದಲೇ ಆಗಬೇಕು, ಅಧ್ಯಕ್ಷತೆಯೂ ತಮ್ಮದೇ ಎಂದರು. ಅಲ್ಲಿಗೆ ನಿಂತಿದ್ದರೆ ಬದುಕುತ್ತಿದ್ದೆವು. ಆದರೆ ಹೋದ ವರ್ಷ ಒಬ್ಬರು “ನಮ್ಮ ಹೆಸರು ಬಿಟ್ಟೀರಿ” ಎಂದು ಮುನಿಸಿಕೊಂಡಿದ್ದರು. ಮದುವೆ ವಿಡಿಯೋದ ಅಭ್ಯಾಸ ಅಸ್ಫಿಯಾಳ ತಲೆಗೇರಿತು. ಆಹ್ವಾನ ಪತ್ರಿಕೆಯಲ್ಲಿ ಊರಿನ ಗಣ್ಯರೆಲ್ಲರ ಹೆಸರೂ ಹಾಕಿಸಿದಳು. “ಲೇ, ಇಷ್ಟು ಮಂದಿ ಯಾಕಲೇ?” ಎಂದರೆ, “ಹೆಸರು ನೋಡಿ ಖುಷಿ ಆಗ್ತಾರ. ಬರೋದು ಯಾರು ಬರ್ತಾರ ಬಿಡು” ಎಂದಳು.

ಎಲ್ಲರೂ ಬಂದರು. ಒಬ್ಬರೂ ತಪ್ಪಲಿಲ್ಲ. ಹೆಸರು ಹಾಕಿದ ಮೇಲೆ ಕುರ್ಚಿ ಹಾಕಬೇಕು. ಕುರ್ಚಿ ಹಾಕಿದ ಮೇಲೆ ಹಾರ ಹಾಕಬೇಕು. ಹಾರ ಬಿದ್ದ ಕೊರಳು ‘ಎರಡು ಮಾತು’ ಆಡದೆ ವೇದಿಕೆ ಇಳಿಯುವುದಿಲ್ಲ. ಇದು ನಮ್ಮ ಕಡೆಯ ಕಾನೂನು, ಯಾವ ಸರ್ಕಾರ ಬಂದರೂ ಬದಲಾಗುವುದಿಲ್ಲ. ಅವರೆಲ್ಲ ಬಿಳಿ ಅಂಗಿ ತೊಟ್ಟು ಎರಡು ಸಾಲಾಗಿ ಸರಿಯಾಗಿ ಪರದೆಯ ಮುಂದೆಯೇ ಕುಳಿತರು. ನಿರೂಪಣೆ ನನ್ನ ತಲೆಗೆ ಕಟ್ಟಿದ್ದರು. “ಈಗ ಶ್ರೀಯುತರು ಎರಡು ಮಾತನಾಡಬೇಕಾಗಿ ವಿನಂತಿ” ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಬ್ಬರು ಸಿನಿಮಾದಿಂದ ಯುವಕರು ಹಾಳಾದರು ಎಂದರು. ಮತ್ತೊಬ್ಬರು ತಮ್ಮ ಕಾಲದ ನಾಟಕದ ಸುದ್ದಿ ತೆಗೆದು ಅದರಲ್ಲಿಯೇ ಮುಳುಗಿಹೋದರು. ಮೈಕ್ ಕಿತ್ತುಕೊಂಡು ಅದರಿಂದಲೇ ಬಡಿಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ?

ಇಷ್ಟರ ನಡುವೆ ಯರ್ರೆಪ್ಪ ಕಾಯುತ್ತಿದ್ದ.

ಯರ್ರೆಪ್ಪ ಚಿಗಟೇರಿ ಕಡೆಯ ಕುರಿಯವನು. ನಂಟರ ಮದುವೆಯಲ್ಲಿ ಅಸ್ಫಿಯಾಳ ಕ್ಯಾಮೆರಾ ನೋಡಿ ಅವಳ ಬೆನ್ನು ಬಿದ್ದಿದ್ದ. ಆಮೇಲೆ ತನ್ನ ಫೋನನ್ನು ಚೀಲದಲ್ಲಿಟ್ಟು, ಚೀಲಕ್ಕೆ ತೂತು ಕೊರೆದು, ಮುಂದೆ ನಡೆಯುವ ಟಗರಿನ ಕೊರಳಿಗೆ ಗಂಟೆಯ ಬದಲು ಕಟ್ಟಿಬಿಟ್ಟಿದ್ದ. ಹನ್ನೊಂದು ನಿಮಿಷದ ಸಿನಿಮಾ. ನೆಲ ಓಡುತ್ತದೆ, ಧೂಳು ಏಳುತ್ತದೆ, ನೂರಾರು ಕಾಲು, ಒಮ್ಮೆಲೇ ಆಕಾಶ, ಮತ್ತೆ ನೆಲ. ನೋಡಿದ ದಿನ ಅಸ್ಫಿಯಾ ನನ್ನ ಕೈ ಹಿಡಿದು, “ಇಷ್ಟು ದಿನ ನಾ ಹುಡುಕಿದ್ದು ಇದನ್ನ ನೋಡು” ಎಂದಿದ್ದಳು. ಆದರೆ ಸ್ವತಃ ಯರ್ರೆಪ್ಪ ಅದನ್ನು ಸರಿಯಾಗಿ ನೋಡಿರಲಿಲ್ಲ. ಟಗರು ಬಂಡೆಗೆ ಉಜ್ಜಿ ಫೋನಿನ ಗಾಜು ಒಡೆದು ಅರ್ಧ ಕಪ್ಪಾಗಿತ್ತು. ದೊಡ್ಡ ಪರದೆಯ ಮೇಲೆ ನೋಡಲೆಂದು, ಗೊಬ್ಬರಕ್ಕಾಗಿ ತೆಲಿಗಿ ಹತ್ತಿರದ ಹೊಲದಲ್ಲಿ ನಿಲ್ಲಿಸಿದ್ದ ಮಂದೆಯನ್ನು ಹೆಂಡತಿ ಈರಕ್ಕನಿಗೆ ಒಪ್ಪಿಸಿ, ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ. ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ತನ್ನ ಸಿನಿಮಾದ ಬಡಾಯಿ ಕೊಚ್ಚಿದ್ದನಂತೆ. ಕೊನೆಯ ಬಸ್ಸಿಗೆ ವಾಪಸ್ ಹೋಗಲೇಬೇಕಿತ್ತು.

“ಯಾವಾಗ ಹಾಕ್ತೀರಿ?” ಎಂದು ಮತ್ತೆ ಮತ್ತೆ ಬಂದು ಕೇಳಿದ. ಇನ್ನೊಬ್ಬರದು, ಇನ್ನೊಬ್ಬರದು ಎನ್ನುತ್ತ ಹೋದೆ. ಅಷ್ಟರಲ್ಲಿ ಗುರುಸಂಗಪ್ಪ ಮೈಕಿನಲ್ಲಿ, “ನಮ್ಮ ಹಳ್ಳಿಯ ಪ್ರತಿಭೆ ಯರ್ರೆಪ್ಪನವರಿಗೆ ಸನ್ಮಾನ” ಎಂದು ಘೋಷಿಸಿದರು. ಅವನಿಗೆ ಶಾಲು ಹೊದಿಸಿ, ಪೇಟ ಇಟ್ಟು, ಎರಡನೆಯ ಸಾಲಿನಲ್ಲಿ ಕೂರಿಸಿದರು. “ಇಂಥ ಅದ್ಭುತ ಚಿತ್ರ ನಾನು ನೋಡೇ ಇಲ್ಲ” ಎಂದರು. ನಿಜವೇ, ಅವರು ನೋಡಿರಲಿಲ್ಲ.

ಹೊರಗೆ ಮಾರನೆಯ ದಿನದ ಮದುವೆಯ ಬಸ್ಸು ಬಂದು ನಿಂತಿತು. ಬೀಗರು ಪೆಟ್ಟಿಗೆ ಇಳಿಸತೊಡಗಿದರು. ಮಂಟಪದ ಮ್ಯಾನೇಜರ್ ಬಂದು, “ಮುಗಿಸ್ರಿ, ಜಾಗ ಬಿಡ್ರಿ” ಎಂದ. ಗುರುಸಂಗಪ್ಪನವರ ಅಧ್ಯಕ್ಷೀಯ ಭಾಷಣ ಇನ್ನೂ ಪೀಠಿಕೆಯಲ್ಲಿತ್ತು.

ಅಸ್ಫಿಯಾ ಎದ್ದಳು. ಮುಖ ಕೆಂಪಾಗಿತ್ತು, ತುಟಿ ಬಿಗಿದಿತ್ತು. ನೇರ ಹೋಗಿ ದೀಪ ಆರಿಸಿ ಪ್ರೊಜೆಕ್ಟರ್ ಹಾಕಿಬಿಟ್ಟಳು.

ಆ ಬಿಳಿ ಅಂಗಿಗಳ ಮೇಲೆ ಕುರಿ ಓಡಿದವು! ಹೊಟ್ಟೆಯ ಮೇಲೆ ಕಾಲು, ಬೋಳುತಲೆಯ ಮೇಲೆ ಧೂಳು. ಗುರುಸಂಗಪ್ಪನವರ ಬಾಯಿಯ ಮೇಲೆಯೇ ಒಂದು ಹೋತದ ಗಡ್ಡ ಹಾದುಹೋಯಿತು. ಜನ ಸಿಳ್ಳೆ ಹೊಡೆದರು, ನಾನೂ ಚಪ್ಪಾಳೆ ತಟ್ಟಿದೆ. ಗುರುಸಂಗಪ್ಪ, “ಯಾರಲೇ ಲೈಟ್ ಆರಿಸಿದ್ದು! ಮರ್ಯಾದಿ ಐತೇನು ನಿಮಗ?” ಎಂದು ಕೂಗಿದರು. ವೇದಿಕೆಯ ಮೇಲೆ ಒಬ್ಬನೇ ಒಬ್ಬ ಕುರ್ಚಿ ತಿರುಗಿಸಿ, ನಮಗೆ ಬೆನ್ನು ಮಾಡಿ ಪರದೆ ನೋಡುತ್ತಿದ್ದ. ಯರ್ರೆಪ್ಪ. ಅವನಿಗೆ ಕಂಡದ್ದೇನು? ಮುಂದಿನವರ ನೆರಳು, ಎದ್ದು ನಿಂತವರ ನೆರಳು, ತನ್ನದೇ ಪೇಟದ ನೆರಳು. ಅಷ್ಟರಲ್ಲಿ ಮ್ಯಾನೇಜರ್ ಮೇನ್ ಸ್ವಿಚ್ ಎಳೆದ.

ಅಂಗಳದಲ್ಲಿ ಎಲ್ಲರೂ ಅಸ್ಫಿಯಾಳನ್ನು ಸುತ್ತಿಕೊಂಡರು. “ಭೇಷ್, ಸರಿಯಾಗಿ ಇಳಿಸಿದಿ ನೋಡು” ಎಂದರು. ಆ ಗುಂಪನ್ನು ಸರಿಸಿ ಯರ್ರೆಪ್ಪ ಬಂದ. ಪೇಟ ಕೈಯಲ್ಲಿತ್ತು. ಕಣ್ಣು ಕೆಂಡವಾಗಿತ್ತು.

“ಯಾಕ ಹಾಕಿದೆವ್ವಾ?”

“ನಿಮ್ ಸಿನಿಮಾ ಯರ್ರೆಪ್ಪಣ್ಣ, ತೋರಿಸ್ಬೇಕಲ್ಲ...”

“ಯಾರಿಗೆ ತೋರಿಸಿದಿ? ಅವ್ರ ಮ್ಯಾಲೆ ನಿನಗ ಸಿಟ್ಟು ಬಂತು, ನನ್ನ ಟಗರನ್ನ ಕಲ್ಲು ಮಾಡಿ ಒಗದಿ. ಮಂದಿ ನಕ್ಕರು. ನನ್ನ ಕುರಿ ನಗಾಕ ಅದಾವೇನು? ಅವ್ರು ಸುಳ್ಳಾ ಹೊಗಳಿದ್ರು, ನೀ ಸುಳ್ಳಾ ತೋರಿಸಿದಿ.”

ಉತ್ತರ ಕೊಡಲು ನಾನು ಬಾಯಿ ತೆರೆದೆ. “ನೀವ್ ಸುಮ್ನಿರ್ರಿ, ಸಂಜಿಯಿಂದ ಕೇಳೇನಿ ನಿಮ್ದು” ಎಂದ. ಬಾಯಿ ಮುಚ್ಚಿದೆ.

ಅಸ್ಫಿಯಾ ತಲೆ ತಗ್ಗಿಸಿ ನಿಂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. “ತಪ್ಪಾತು ಅಣ್ಣಾ” ಎಂದಳು. ಅವನು ಪೇಟವನ್ನೂ ಶಾಲನ್ನೂ ಅವಳ ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಗೇಟಿನಲ್ಲಿ ನಿಂತು ಹಿಂತಿರುಗಿದ. ಸಿಟ್ಟು ಇಳಿದಿರಲಿಲ್ಲ.

“ನಾಳಿಗೆ ಹೊಲಕ್ಕ ಬಾ. ಈರಕ್ಕ ಅದಾಳ, ನಾ ಅದೀನಿ, ಬ್ಯಾರೆ ಯಾರೂ ಇಲ್ಲ. ಮೊದ್ಲಿಂದ ಕಡೀತನ ಹಾಕು. ನಡುವ ಯಾರೂ ಮಾತಾಡಬ್ಯಾಡ್ರಿ.”