ಮೈಟೆ ಆರಿಸಿದ ಡಾಲರುಗಳು

ವಿನ್ನೆಮಕ್ಕ ಊರಿನ ಜೂಜುಮನೆಗಳಲ್ಲಿ ಬೆಳ್ಳಿಬಣ್ಣದ ದೊಡ್ಡ ಡಾಲರು ನಾಣ್ಯಗಳು ಹಗಲೂ ಇರುಳೂ ಉರುಳುತ್ತಿದ್ದ ಕಾಲದಲ್ಲಿ ಡೆಲ್ಮರ್ ಪ್ರಾಟ್ ಅಲ್ಲಿ ಜೂಜಿನ ಯಂತ್ರ ರಿಪೇರಿ ಮಾಡಿಕೊಂಡಿದ್ದ. ನಾಣ್ಯ ನುಂಗಿ ಸುಮ್ಮನೆ ಕುಳಿತ ಯಂತ್ರದ ಹೊಟ್ಟೆಗೆ ಕೈಹಾಕಿ ಅದನ್ನು ಕಕ್ಕಿಸುವುದು ಅವನ ಕಸುಬು. ಮೈಟೆಯದು ಚಿಲ್ಲರೆ ಕೊಡುವ ಕೆಲಸ. ಸೊಂಟಕ್ಕೆ ನಾಣ್ಯದ ಪಟ್ಟಿ ಬಿಗಿದುಕೊಂಡು ಯಂತ್ರಗಳ ಸಾಲಿನಲ್ಲಿ ಓಡಾಡುತ್ತ, ನೋಟು ಚಾಚಿದವರಿಗೆಲ್ಲ ನಾಣ್ಯ ಎಣಿಸಿ ಕೊಡಬೇಕು. ಪಾಳಿ ಮುಗಿಯುವ ಹೊತ್ತಿಗೆ ಅವಳ ಬೆರಳುಗಳು ಮಸಿ ಬಳಿದಂತೆ ಕಪ್ಪಾಗಿರುತ್ತಿದ್ದವು.

ಅವರಿಬ್ಬರ ಪರಿಚಯ ಜಗಳದಿಂದಲೇ ಶುರುವಾಯಿತು.

"ಏನಯ್ಯಾ, ನಿನ್ನ ಮಿಷಿನ್ನು ನನ್ನ ಗಿರಾಕಿ ದುಡ್ಡು ನುಂಗ್ಕೊಂಡು ಕೂತಿದೆ. ನೀನು ನಡ್ಕೊಂಡು ಬರೋಷ್ಟ್ರಲ್ಲಿ ಅವನಿಗೆ ಮೊಮ್ಮಕ್ಕಳಾಗ್ತಾರೆ!"

"ಅವನು ಮನೇಗೆ ಹೋದ್ರೆ ತಾನೇ ಮೊಮ್ಮಕ್ಕಳಾಗೋದು," ಎಂದ ಡೆಲ್ಮರ್.

ಮೈಟೆ ನಕ್ಕುಬಿಟ್ಟಳು. ಅವಳ ತಂದೆ ಸ್ಪೇನ್ ಕಡೆಯ ಬಾಸ್ಕ್ ಸೀಮೆಯಿಂದ ಕುರಿ ಕಾಯಲು ಬಂದವನು. ತಾಯಿ ಊರಿನ ಬಾಸ್ಕ್ ಊಟದಮನೆಯಲ್ಲಿ ಅಡುಗೆಯವಳು. ಡೆಲ್ಮರ್ ಮತ್ತು ಮೈಟೆಯ ಮದುವೆಯ ಊಟವೂ ಅಲ್ಲಿಯೇ ಆಯಿತು. ಉದ್ದನೆಯ ಮೇಜು, ದೊಡ್ಡ ಬಟ್ಟಲಲ್ಲಿ ಸೂಪು, ಬೀನ್ಸು, ಬೆಳ್ಳುಳ್ಳಿ ಹಾಕಿ ಬೇಯಿಸಿದ ಕುರಿಮಾಂಸ. ಅಂದು ಅವಳು ಬಿಳಿಯ ಕೈಗವಸು ಹಾಕಿಕೊಂಡದ್ದು ಸೊಗಸಿಗಲ್ಲ, ಬೆರಳ ಕಪ್ಪು ಹೋಗಿರಲಿಲ್ಲ ಎಂಬ ಕಾರಣಕ್ಕೆ.

ನಾಣ್ಯ ಕೂಡಿಡುವ ಹುಚ್ಚು ಡೆಲ್ಮರನದು. ಆದರೆ ಕಣ್ಣು ಮೈಟೆಯದು. ಅಧ್ಯಕ್ಷ ಐಸೆನ್‌ಹೋವರರ ಮುಖವಿದ್ದ ಆ ಡಾಲರು ಎಪ್ಪತ್ತೊಂದರಲ್ಲಿ ಹುಟ್ಟಿ ಎಪ್ಪತ್ತೆಂಟಕ್ಕೆ ನಿಂತುಹೋಯಿತು. ಅಷ್ಟು ವರ್ಷಗಳದ್ದನ್ನೂ, ಎರಡು ಟಂಕಸಾಲೆಗಳದ್ದನ್ನೂ ಒಂದೊಂದಾಗಿ ಕೂಡಿಸಿದರೆ ಒಂದು ಸೆಟ್ಟು ಪೂರ್ತಿಯಾಗುತ್ತದೆ. ಹಾಗೆ ಕೂಡಿಸುವುದು ಕಷ್ಟವಲ್ಲ. ಚೆನ್ನಾಗಿರುವುದನ್ನು ಕೂಡಿಸುವುದು ಕಷ್ಟ. ಅಷ್ಟು ಭಾರದ ನಾಣ್ಯಗಳು ಚೀಲದಲ್ಲಿ ಒಂದಕ್ಕೊಂದು ಬಡಿದುಕೊಂಡೇ ಊರಿಗೆ ಬರುತ್ತವೆ. ಮೊದಲ ಏಟು ಬೀಳುವುದು ನಾಣ್ಯದ ಮೇಲಿನ ಮುಖದ ಕೆನ್ನೆಗೆ. ಬೆಲೆ ಕಟ್ಟುವವರು ನೋಡುವುದೂ ಮೊದಲು ಕೆನ್ನೆಯನ್ನೇ.

ಬ್ಯಾಂಕಿನಿಂದ ಬಂದ ಹೊಸ ಚೀಲ ಬಿಚ್ಚುವಾಗ ಮೈಟೆ ಮುಂದೆ ನಿಲ್ಲುತ್ತಿದ್ದಳು. ಸಾವಿರ ನಾಣ್ಯದಲ್ಲಿ ಒಂದು ಅವಳ ಮನಸ್ಸಿಗೆ ಹಿಡಿಸಿದರೆ, ತನ್ನ ಕೈಯಿಂದ ಒಂದು ಡಾಲರಿನ ನೋಟನ್ನಿಟ್ಟು ಅದನ್ನು ಎತ್ತಿಕೊಳ್ಳುತ್ತಿದ್ದಳು. ಮೇಲಿನವರು ಒಪ್ಪಿದ್ದರು. ಕರವಸ್ತ್ರದಲ್ಲಿ ಸುತ್ತಿ ತಂದು, ಅಂಚು ಹಿಡಿದು ದೀಪಕ್ಕೆ ತೋರಿಸುತ್ತಿದ್ದಳು.

"ನೋಡು, ಈ ತಾತನ ಕೆನ್ನೆಗೆ ಯಾರೂ ಹೊಡೆದಿಲ್ಲ."

"ಹೋದ ತಿಂಗಳು ತಂದಿದ್ಯಲ್ಲ, ಅದೇ ವರ್ಷದ್ದು. ಅದು ಚೆನ್ನಾಗಿರ್ಲಿಲ್ವಾ?"

"ಅದರ ಗದ್ದದ ಕೆಳಗೆ ಗೀಚಿತ್ತು. ನಿಂಗೆ ಕಾಣ್ಸಿಲ್ಲ. ಮಿಷಿನ್ ಒಳಗಡೆ ನೋಡಿ ನೋಡಿ ನಿನ್ನ ಕಣ್ಣು ಕೆಟ್ಟುಹೋಗಿದೆ."

ಹೀಗೆ ಒಳ್ಳೆಯದು ಸಿಕ್ಕಾಗ ಸಾಧಾರಣದ್ದನ್ನು ತೆಗೆದು, ಅದಕ್ಕಿಂತ ಒಳ್ಳೆಯದು ಸಿಕ್ಕಾಗ ಇದನ್ನೂ ತೆಗೆದು, ಹಲವು ವರ್ಷ ಅವಳು ಆ ಸೆಟ್ಟನ್ನು ಕಟ್ಟಿದಳು. ಆದರೆ ಊರಿನ ನಾಣ್ಯಸಂಘದಲ್ಲಿ ಅದು "ಡೆಲ್ಮರನ ಸೆಟ್ಟು" ಎಂದೇ ಹೆಸರಾಯಿತು. ಸಂಘದ ಗಂಡಸರು ಅವನ ಬೆನ್ನು ತಟ್ಟುವಾಗ ಮೈಟೆ ಹಿಂದಿನ ಸಾಲಿನಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಳು. ಅವನೂ ತಿದ್ದಲಿಲ್ಲ. ಮನೆಗೆ ಬರುವಾಗ ಅವಳೇ, "ಏನ್ ಕಣ್ಣಪ್ಪಾ ನಿಂದು!" ಎಂದು ಅಣಕಿಸುತ್ತಿದ್ದಳು.

ಆಮೇಲೆ ಯಂತ್ರಗಳು ನಾಣ್ಯ ನುಂಗುವುದನ್ನು ಬಿಟ್ಟು ಕಾಗದದ ಚೀಟಿ ಉಗುಳತೊಡಗಿದವು. ಚಿಲ್ಲರೆಯವರು ಬೇಡವಾದರು; ರಿಪೇರಿಯವರೂ ಬೇಡವಾದರು. ಮೈಟೆ ಕೆಲಸ ಬಿಟ್ಟ ಮೇಲೆ ಬಹಳ ಕಾಲ ಬದುಕಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ವಾರವೇ ಡೆಲ್ಮರ್ ಆ ಸೆಟ್ಟಿದ್ದ ಆಲ್ಬಮ್ಮನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟ. ಕೊನೆಯದಾಗಿ ಅವಳ ಕೈ ಮುಟ್ಟಿದ್ದು ಹಾಗೆಯೇ ಇರಲೆಂದು ಅದನ್ನು ಮತ್ತೆ ತೆರೆಯಲಿಲ್ಲ.

ಹತ್ತಾರು ವರ್ಷಗಳು ಕಳೆದವು. ಒಂದು ವಸಂತದಲ್ಲಿ ಸಂಘದವರು ತಮ್ಮ ನಾಣ್ಯಪ್ರದರ್ಶನದ ಒಂದು ಗಾಜಿನ ಮೇಜನ್ನು ಹಳೆಯ ಜೂಜುಮನೆ ಕೆಲಸಗಾರರಿಗೆಂದು ಮೀಸಲಿಟ್ಟರು. ನಾಣ್ಯದಂಗಡಿಯ ಜಿನೀವಾ ಬಂದು ಅಲ್ಲಿಡಲು ಆ ಸೆಟ್ಟನ್ನು ಕೇಳಿದಳು. ಅವಳೂ ಒಂದು ಕಾಲದಲ್ಲಿ ಮೈಟೆಯ ಜೊತೆ ಪಟ್ಟಿ ಕಟ್ಟಿಕೊಂಡು ಓಡಾಡಿದವಳೇ.

"ಕೊಡ್ತೀನಿ," ಎಂದ ಡೆಲ್ಮರ್. "ಆದ್ರೆ ಚೀಟಿ ಮೇಲೆ ನನ್ನ ಹೆಸರು ಬೇಡ. ಮೈಟೆ ಪ್ರಾಟ್ ಅಂತ ಬರೀಬೇಕು. ಆರಿಸಿದೋಳು ಅವಳು."

"ಇಷ್ಟು ದಿನ ಎಲ್ಲಿ ಹೋಗಿತ್ತೋ ಈ ಬುದ್ಧಿ?"

ಬದುಕಿನಲ್ಲಿ ಡೆಲ್ಮರನಿಗೆ ಉಳಿದಿದ್ದ ಆಸೆ ಅದೊಂದೇ. ಊರವರ ಮುಂದೆ ಅವಳ ಹೆಸರಿನಲ್ಲಿ ಆ ನಾಣ್ಯಗಳು ಒಮ್ಮೆ ಕೂರಬೇಕು.

ಪ್ರದರ್ಶನಕ್ಕೆ ಮೊದಲು ಬೆಲೆ ಕಟ್ಟಿಸಲು ಆಲ್ಬಮ್ಮನ್ನು ಜಿನೀವಾಳ ಅಂಗಡಿಗೆ ತಂದ. ಅವಳು ಬಟ್ಟೆ ಬಿಚ್ಚಿ ಮೊದಲ ಪುಟ ತಿರುವಿದಳು. ಹುಳಿ ಹುಳಿಯಾದ ವಾಸನೆ ಬಂತು. ಪ್ಲಾಸ್ಟಿಕ್ಕಿನ ಜೇಬುಗಳು ಜಿಗುಟಾಗಿದ್ದವು. ನಾಣ್ಯಗಳ ಮೇಲೆ ಹಸಿರು ಲೋಳೆ ಹಬ್ಬಿತ್ತು.

ಮೆದು ಪ್ಲಾಸ್ಟಿಕ್ಕು ವರ್ಷ ಕಳೆದಂತೆ ಬೆವರುತ್ತದೆ. ಆ ಬೆವರು ಲೋಹವನ್ನು ತಿನ್ನುತ್ತದೆ. ಈ ಹವ್ಯಾಸದವರಿಗೆಲ್ಲ ತಿಳಿದ ಮಾತು. ಸಂಘಕ್ಕೆ ಹೊಸದಾಗಿ ಬಂದವರಿಗೆ, "ಜೇಬು ಬದಲಾಯಿಸ್ತಾ ಇರಿ, ತೆಗೆದು ನೋಡ್ತಾ ಇರಿ," ಎಂದು ಹೇಳಿಕೊಡುತ್ತಿದ್ದವನು ಡೆಲ್ಮರನೇ.

ಜಿನೀವಾ ಒಂದು ನಾಣ್ಯವನ್ನು ಲೋಳೆ ತೆಗೆಯುವ ದ್ರಾವಣದಲ್ಲಿ ಅದ್ದಿ ಎತ್ತಿದಳು. ಹಸಿರು ಕರಗಿತು. ಅದರಡಿ ಕೆನ್ನೆಯ ತುಂಬ ಸಿಡುಬಿನ ಕಲೆಯಂತೆ ಗುಳಿಗಳು. ಇನ್ನೊಂದನ್ನು ಅದ್ದಿದಳು. ಅದೂ ಹಾಗೆಯೇ. ಎಪ್ಪತ್ತಮೂರನೆಯ ಇಸವಿಯವು ಎರಡು ಮಾತ್ರ ಹೊಳೆಯುತ್ತಿದ್ದವು. ಆ ವರ್ಷದವು ಚಲಾವಣೆಗೆ ಬರಲೇ ಇಲ್ಲವಾದ್ದರಿಂದ ಡೆಲ್ಮರ್ ಅವನ್ನು ಅಂಚೆಯಲ್ಲಿ ತರಿಸಿ, ಆಲ್ಬಮ್ಮಿನ ಜೊತೆಗೇ ಒಂದು ಗಟ್ಟಿ ಡಬ್ಬಿಯಲ್ಲಿ ಇಟ್ಟಿದ್ದ. ಮೈಟೆ ಆರಿಸದೆ ಇದ್ದವು ಅವೆರಡೇ.

"ಒಂದ್ಸಲನೂ ತೆಗೆದು ನೋಡ್ಲಿಲ್ವಾ, ಡೆಲ್ಮರ್?"

"ಹೆಂಗೆ ನೋಡ್ಲಿ ಜಿನೀವಾ? ತೆಗೆದ್ರೆ ಅವಳು ಪಕ್ಕದಲ್ಲಿರ್ತಿರ್ಲಿಲ್ವಲ್ಲ."

ಜಿನೀವಾ ಅದ್ದಿದ ನಾಣ್ಯಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಆರಲಿಟ್ಟಳು. ಕೊನೆಗೆ, "ಇದಕ್ಕೆ ಬೆಲೆ ಅಂದ್ರೆ, ಒಂದು ಡಾಲರಿಗೆ ಒಂದು ಡಾಲರು, ಅಷ್ಟೆ. ಆದ್ರೆ ಒಂದು ದಾರಿ ಇದೆ. ನನ್ನ ಅಂಗಡೀಲಿ ಒಳ್ಳೊಳ್ಳೆ ನಾಣ್ಯ ಇವೆ. ಅದೇ ವರ್ಷ, ಅದೇ ಟಂಕಸಾಲೆ. ತುಂಬಿಸಿ ಕೊಡ್ತೀನಿ. ಸೆಟ್ಟು ಪೂರ್ತಿ ಆಗತ್ತೆ. ಅವಳ ಹೆಸರೂ ನಿಲ್ಲತ್ತೆ. ಯಾರಿಗ್ ಗೊತ್ತಾಗತ್ತೆ?" ಎಂದಳು.

ಕೊಳೆತ ನಾಣ್ಯಗಳನ್ನು ಅವಳ ಹೆಸರಿನಡಿ ಇಟ್ಟರೆ ಜನ ಮೂಗು ಮುರಿಯುತ್ತಾರೆ. ಏನೂ ಇಡದಿದ್ದರೆ ಹೆಸರೇ ಇಲ್ಲ. ಡೆಲ್ಮರ್ ಹೂಂ ಎಂದುಬಿಟ್ಟ.

ಪ್ರದರ್ಶನದ ದಿನ ಮೈಟೆಯ ಹೆಸರಿನ ಚೀಟಿ ಇಟ್ಟ ಗಾಜಿನ ಮೇಜಿನ ಸುತ್ತ ಜನ ಕೂಡಿದರು. ತೀರ್ಪುಗಾರರು ಮೊದಲ ಬಹುಮಾನದ ನೀಲಿ ರಿಬ್ಬನ್ನು ಅಂಟಿಸಿಹೋದರು. ಡೆಲ್ಮರ್ ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ. ಹಿಂದೆ ಮೈಟೆಯ ಹತ್ತಿರ ನಾಣ್ಯ ಪಡೆದು ಜೂಜಾಡಿ ಸೋತ ಮುದುಕನೊಬ್ಬ ಬಗ್ಗಿ ನೋಡಿದ.

"ಚಿಲ್ಲರೆ ಕೊಡ್ತಿದ್ದ ಮೈಟೆ ಅಲ್ವಾ? ನಾವೆಲ್ಲಾ ಅವಳ ಪಟ್ಟಿಯಿಂದ ತಗೊಂಡು ಕಳ್ಕೊಂಡ್ವಿ, ಅವಳು ನೋಡು ಏನ್ ಆರಿಸಿಟ್ಟಿದಾಳೆ! ಈ ಎಪ್ಪತ್ತೆರಡರದ್ದು ನೋಡ್ರಪ್ಪಾ, ಕೆನ್ನೆ ಮೇಲೆ ಒಂದು ಗೀಟಿಲ್ಲ. ಏನ್ ಕಣ್ಣಿತ್ತಯ್ಯಾ ನಿನ್ನ ಹೆಂಡ್ತೀಗೆ!"

ಸುತ್ತ ನಿಂತವರು ಹೌದು ಹೌದೆಂದರು. ಡೆಲ್ಮರ್ ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು. ಆದರೆ ಮುದುಕ ಬೆರಳಿಟ್ಟು ತೋರಿಸಿದ ಆ ನಾಣ್ಯವನ್ನು ಮೈಟೆ ಕಂಡೇ ಇರಲಿಲ್ಲ. ಅವಳು ನೂರು ಚೀಲ ಜಾಲಾಡಿ ತಂದಿದ್ದ ಎಪ್ಪತ್ತೆರಡರ ಡಾಲರು ಸಿಡುಬು ಹತ್ತಿದ ಮುಖ ಹೊತ್ತು ಮನೆಯ ಅಡುಗೆ ಮೇಜಿನ ಮೇಲಿತ್ತು.

ಡೆಲ್ಮರ್ ಜಿನೀವಾಳನ್ನು ಕರೆದ.

"ಮೇಜಿನ ಬೀಗ ತೆಗಿ."

"ಯಾಕೋ? ಏನಾಯ್ತು?"

"ಚೀಟಿ ತಗೋತೀನಿ."

"ಹುಚ್ಚಾ ನಿಂಗೆ? ಎಲ್ಲಾರೂ ಅವಳನ್ನ ಹೊಗಳ್ತಾ ಇದಾರೆ!"

"ಅವಳನ್ನಲ್ಲ, ಜಿನೀವಾ. ನಿನ್ನ ಅಂಗಡೀನ. ಬೇರೆ ಯಾರದೋ ನಾಣ್ಯ ತೋರ್ಸಿ ಕಣ್ಣು ಅವಳದು ಅಂದ್ರೆ, ಅವಳು ನೋಡಿದ್ದೆಲ್ಲಾ ಸುಳ್ಳಾಗಿಹೋಗತ್ತೆ. ನಾಣ್ಯ ಇರ್ಲಿ, ರಿಬ್ಬನ್ನೂ ಇರ್ಲಿ, ನೀನೇ ಇಟ್ಕೋ. ಹೆಸರು ಕೊಡು."

ಜಿನೀವಾ ಅವನ ಮುಖ ನೋಡಿದಳು, ಬೀಗ ತೆಗೆದಳು. ಡೆಲ್ಮರ್ ಚೀಟಿಯನ್ನು ಎತ್ತಿ, ಮಡಿಸಿದರೆ ಅಕ್ಷರ ಮುರಿದೀತೆಂದು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಅವನ ಹಿಂದೆ ಯಾರೋ ಹೊಸಬರು ಮೇಜಿನ ಬಳಿ ಬಂದು, "ಇದು ಯಾರ ಸೆಟ್ಟು?" ಎಂದು ಕೇಳುತ್ತಿದ್ದರು. ಜಿನೀವಾ ಏನು ಹೇಳಿದಳೋ ಅವನು ನಿಂತು ಕೇಳಲಿಲ್ಲ.